‘ಸರ್ವರ್ ಇಲ್ಲ’ ಎಂದರೆ ಇಲ್ಲದಿರುವುದು ಯಾವುದು?

ನ್ಯಾಯಬೆಲೆ ಅಂಗಡಿ, ನಾಡಕಚೇರಿ, ಬ್ಯಾಂಕು, ಗ್ರಾಮ ಒನ್ ಕೇಂದ್ರ, ಎಲ್ಲಿಗೆ ಹೋದರೂ ಈಗ ಜನ ಕೇಳಿಸಿಕೊಂಡು ಬರುವ ಮಾತು ಒಂದೇ: ‘ಸರ್ವರ್ ಇಲ್ಲ, ನಾಳೆ ಬನ್ನಿ.’ ಶಿಡ್ಲಘಟ್ಟ ತಾಲ್ಲೂಕಿನ ಸಾದಲಿ ಹೋಬಳಿಯಂಥ ಕಡೆ ಈ ಮಾತು ಬಿಟ್ಟಿಯಲ್ಲ. ಸುತ್ತಲ ಹಳ್ಳಿಯಿಂದ ಬಂದವರಿಗೆ ಅದರಿಂದ ಒಂದು ದಿನದ ಕೂಲಿ ಹೋಗುತ್ತದೆ, ಬಸ್ ಚಾರ್ಜು ಹೋಗುತ್ತದೆ. ನಾಲ್ಕನೇ ಜ್ವರ ಎದ್ದ ರೇಷ್ಮೆ ಹುಳು ಮನೆಯಲ್ಲಿದ್ದರೆ ಸೊಪ್ಪು ಹಾಕುವ ಹೊತ್ತೂ ತಪ್ಪುತ್ತದೆ. ಹೀಗಿದ್ದೂ ಮಾತನ್ನು ಕೇಳಿದವರು ಯಾರೂ ಎದುರು ಪ್ರಶ್ನೆ ಹಾಕುವುದಿಲ್ಲ, ಏಕೆಂದರೆ ಏನು ಕೇಳಬೇಕೆಂದು ತಿಳಿದಿರುವುದಿಲ್ಲ. ನನ್ನ ವಾದ ಇಷ್ಟೇ. ‘ಸರ್ವರ್ ಇಲ್ಲ’ ಎನ್ನುವುದು ಐದಾರು ಬೇರೆ ಬೇರೆ ದೋಷಗಳಿಗೆ ನಾವು ಇಟ್ಟುಕೊಂಡಿರುವ ಒಂದೇ ಹೆಸರು. ಆ ದೋಷಗಳನ್ನು ಬಿಡಿಸಿ ನೋಡಲು ಇಂಜಿನಿಯರಿಂಗ್ ಓದಬೇಕಿಲ್ಲ, ಹತ್ತು ಹನ್ನೆರಡು ಪದ ತಿಳಿದರೆ ಸಾಕು. ಆದರೆ ಆ ಪದಗಳನ್ನು ಪುಸ್ತಕದ ಕೊನೆಯ ಪದಪಟ್ಟಿಯಂತೆ ಅಕ್ಷರಮಾಲೆಯ ಕ್ರಮದಲ್ಲಿ ಕಲಿತರೆ ಒಂದೂ ನಿಲ್ಲುವುದಿಲ್ಲ. ಸಾದಲಿಯ ಕೌಂಟರಿನಲ್ಲಿ ಒತ್ತಿದ ಒಂದು ಗುಂಡಿಯ ಕೋರಿಕೆ ಬೆಂಗಳೂರಿಗೆ ಹೋಗಿ ಬರುವ ದಾರಿಯ ಕ್ರಮದಲ್ಲೇ ಕಲಿಯಬೇಕು.

ಮೊದಲು ಆ ಸರ್ವರ್ ಎಂಬುದನ್ನೇ ನೋಡೋಣ. ಅದು ಬೇರೆ ಜಾತಿಯ ಯಂತ್ರವೇನಲ್ಲ, ಕೇಳಿದವರಿಗೆ ಕೇಳಿದ್ದನ್ನು ಕೊಡಲು ನೇಮಿಸಿದ ಕಂಪ್ಯೂಟರ್ ಅಷ್ಟೆ. ನಮ್ಮ ರಾಜ್ಯದ ಭೂಮಿ ಯೋಜನೆಯ ಚರಿತ್ರೆಯಲ್ಲೇ ಇದಕ್ಕೆ ಸಾಕ್ಷಿ ಸಿಗುತ್ತದೆ. 2001ರ ಹೊತ್ತಿಗೆ ಪಹಣಿಗಳು ಗ್ರಾಮಲೆಕ್ಕಿಗರ ಕೈಬರಹದಿಂದ ಕಂಪ್ಯೂಟರಿಗೆ ಬಂದಾಗ ಆಯಾ ತಾಲ್ಲೂಕಿನ ದಾಖಲೆ ಇದ್ದದ್ದು ಆಯಾ ತಾಲ್ಲೂಕು ಕಚೇರಿಯ ಕಂಪ್ಯೂಟರಿನಲ್ಲೇ. ಅಂದರೆ ಸಾದಲಿಯ ರೈತನ ಪಹಣಿಯನ್ನು ಕೊಡುವ ಸರ್ವರ್ ಶಿಡ್ಲಘಟ್ಟದಲ್ಲೇ ಇತ್ತು, 15 ರೂಪಾಯಿ ಕೊಟ್ಟು ಪ್ರತಿ ಪಡೆಯುತ್ತಿದ್ದ ಕಿಟಕಿಯ ಹಿಂದೆ. ಆಮೇಲೆ ದಾಖಲೆಗಳು ಬೆಂಗಳೂರಿಗೆ, ರಾಜ್ಯದ ದತ್ತಾಂಶ ಕೇಂದ್ರಕ್ಕೆ ಹೋದವು. ಸಾವಿರಾರು ಕಂಪ್ಯೂಟರುಗಳನ್ನು ಒಂದೇ ಕಡೆ, ತಂಪು ಕೋಣೆಯಲ್ಲಿ, ಬಿಡುವಿಲ್ಲದ ವಿದ್ಯುತ್ತಿನಲ್ಲಿ ಇಡುವ ಜಾಗಕ್ಕೆ ಡೇಟಾ ಸೆಂಟರ್ ಎನ್ನುತ್ತಾರೆ. ಸರ್ಕಾರ ಜಿಲ್ಲೆ, ತಾಲ್ಲೂಕುಗಳನ್ನು ರಾಜಧಾನಿಗೆ ಸೇರಿಸಲು ಹಾಕಿಕೊಂಡ ಸ್ವಂತ ಜಾಲದ ಹೆಸರು ಕೆಸ್ವಾನ್. ಈ ಬದಲಾವಣೆಯಿಂದ ಲಾಭವೂ ಆಯಿತು, ಯಾವ ಊರಿನ ಪಹಣಿಯನ್ನು ಯಾವ ಊರಿನಲ್ಲಾದರೂ ತೆಗೆಯಬಹುದು. ಆದರೆ ಮೊದಲು ಒಂದು ಕೋಣೆಯೊಳಗೆ ಮುಗಿಯುತ್ತಿದ್ದ ಕೆಲಸಕ್ಕೆ ಈಗ ಕಂಬ, ಕೇಬಲ್ಲು, ಟವರು, ಇನ್ನೂ ಎಷ್ಟೋ ಸೇರಿಕೊಂಡಿವೆ. ಎಲ್ಲಿ ಕೆಟ್ಟರೂ ಕೌಂಟರಿನಲ್ಲಿ ಕಾಣುವುದು ಒಂದೇ ರೀತಿ: ತಿರುಗುತ್ತಲೇ ಇರುವ ಒಂದು ವೃತ್ತ. ಗೊಂದಲದ ಮೂಲ ಇಲ್ಲಿದೆ.

ಇನ್ನು ದಾರಿಯ ಮೊದಲ ತುದಿ, ಕೌಂಟರಿನ ಮೇಲಿರುವ ಯಂತ್ರ. ಕಣ್ಣಿಗೆ ಕಾಣುವ, ಕೈಯಲ್ಲಿ ಮುಟ್ಟುವ ಭಾಗಗಳೆಲ್ಲ ಹಾರ್ಡ್‌ವೇರ್. ಅವುಗಳಿಗೆ ಏನು ಮಾಡಬೇಕೆಂದು ಹೇಳುವ ಬರಹ ಸಾಫ್ಟ್‌ವೇರ್. ಲೆಕ್ಕ ಹಾಕುವುದು ಪ್ರೊಸೆಸರ್. ರ‍್ಯಾಮ್ ಮತ್ತು ಹಾರ್ಡ್ ಡಿಸ್ಕ್ ಎರಡನ್ನೂ ‘ಮೆಮೊರಿ’ ಎಂದು ಒಂದೇ ಉಸಿರಿನಲ್ಲಿ ಹೇಳುವುದರಿಂದ ಕಲಿಯುವವರು ಹೆಚ್ಚು ಎಡವುವುದು ಇಲ್ಲೇ. ರ‍್ಯಾಮ್ ಶಾಲೆಯ ಹಲಗೆ ಇದ್ದ ಹಾಗೆ: ಬರೆಯುವುದು, ಒರೆಸುವುದು ಬಲು ಬೇಗ, ಆದರೆ ಜಾಗ ಕಡಿಮೆ, ಉಳಿಕೆ ಇಲ್ಲ. ಕರೆಂಟು ಹೋದ ಗಳಿಗೆಯಲ್ಲಿ ಅದರಲ್ಲಿದ್ದದ್ದೆಲ್ಲ ಅಳಿಸಿಹೋಗುತ್ತದೆ. ಹಾರ್ಡ್ ಡಿಸ್ಕಿನಲ್ಲಿ, ಈಗಿನ ಎಸ್‌ಎಸ್‌ಡಿಯಲ್ಲಿ, ಬರೆದದ್ದು ಕರೆಂಟಿಲ್ಲದೆಯೂ ಉಳಿಯುತ್ತದೆ. ಅರ್ಜಿಯನ್ನು ಮುಕ್ಕಾಲು ತುಂಬಿಸಿದಾಗ ಕರೆಂಟು ಹೋಗಿ ಮತ್ತೆ ಮೊದಲಿಂದ ಶುರುಮಾಡಬೇಕಾದರೆ ಅದು ಸರ್ವರಿನ ತಪ್ಪಲ್ಲ, ಯುಪಿಎಸ್ ಇಲ್ಲದ ತಪ್ಪು, ಅಥವಾ ಇದ್ದ ಯುಪಿಎಸ್ಸಿನ ಬ್ಯಾಟರಿ ಸತ್ತಿರುವ ತಪ್ಪು. ಬೆರಳಚ್ಚು ಓದುವ ಯಂತ್ರದ್ದೂ ಹೀಗೇ. ಅದು ಯುಎಸ್‌ಬಿ ತೂತಿಗೆ ಸಿಕ್ಕಿಸಿದ ಒಂದು ಹಾರ್ಡ್‌ವೇರ್. ಅದನ್ನು ಮಾತಾಡಿಸಲು ಕಂಪ್ಯೂಟರಿಗೆ ಬೇಕಾದ ಸಾಫ್ಟ್‌ವೇರಿಗೆ ಡ್ರೈವರ್ ಎಂದು ಹೆಸರು. ಆಧಾರ್ ಕೆಲಸಕ್ಕೆ ಅದರ ಜೊತೆಗೆ ಆರ್‌ಡಿ ಸರ್ವಿಸ್ ಎಂಬ ಇನ್ನೊಂದು ಸಾಫ್ಟ್‌ವೇರೂ ಬೇಕು, ಅವಧಿ ಮುಗಿದರೆ ಅದನ್ನು ನವೀಕರಿಸಬೇಕು. ಪರದೆಯ ಮೇಲೆ ‘ಡಿವೈಸ್ ನಾಟ್ ರೆಡಿ’ ಎಂದು ಬಂದರೆ ಕೋರಿಕೆ ಇನ್ನೂ ಮೇಜು ಬಿಟ್ಟೇ ಹೊರಟಿಲ್ಲ. ನೆಟ್‌ವರ್ಕ್ ಬೇರೆ, ಕಂಪ್ಯೂಟರ್ ಬೇರೆ ಎಂಬುದಕ್ಕೆ ಹಳ್ಳಿಯ ಡೇರಿಗಿಂತ ಒಳ್ಳೆಯ ಸಾಕ್ಷಿ ಬೇಡ. ಹಾಲಿನ ತೂಕ, ಕೊಬ್ಬಿನ ಅಂಶ ಅಳೆದು ಚೀಟಿ ಹೊರಗೆ ಕೊಡುವ ಯಂತ್ರವೂ ಕಂಪ್ಯೂಟರೇ. ಅಳತೆ, ಲೆಕ್ಕ, ಮುದ್ರಣ ಮೂರೂ ಅಲ್ಲೇ ಮುಗಿಯುವುದರಿಂದ ಆ ಹೊತ್ತಿನ ಚೀಟಿಗಾಗಿ ಅದು ಬೆಂಗಳೂರಿನ ಅಪ್ಪಣೆಗೆ ಕಾಯಬೇಕಾಗಿಲ್ಲ.

ಮೇಜು ಬಿಟ್ಟ ಕೋರಿಕೆ ಮೊದಲು ತಲುಪುವುದು ಮಿಣುಕು ದೀಪಗಳ ಸಣ್ಣ ಪೆಟ್ಟಿಗೆಯನ್ನು. ಕೆಲವರು ಅದನ್ನು ಮೋಡೆಮ್ ಎನ್ನುತ್ತಾರೆ, ಕೆಲವರು ರೂಟರ್, ಹಲವರು ‘ವೈಫೈ ಬಾಕ್ಸು’. ನಿಜಕ್ಕೆ ಅವು ಮೂರು ಬೇರೆ ಕೆಲಸಗಳು, ಒಂದೇ ಡಬ್ಬಿಯಲ್ಲಿ ಸೇರಿವೆ. ಹೊರಗಿನ ತಂತಿಯ ಸಂಕೇತವನ್ನು ಕಂಪ್ಯೂಟರಿನ ಅಂಕಿಗಳಾಗಿ, ಅಂಕಿಗಳನ್ನು ಸಂಕೇತವಾಗಿ ಬದಲಿಸುವುದು ಮೋಡೆಮ್ಮಿನ ಕೆಲಸ. ಯಾವುದು ಎತ್ತ ಹೋಗಬೇಕೆಂದು ದಾರಿ ಹಚ್ಚುವುದು ರೂಟರಿನದು. ತಂತಿಯಿಲ್ಲದೆ ಕೋಣೆಯೊಳಗೆ ಹಂಚುವುದು ವೈಫೈ. ಇದರಿಂದ ಒಂದು ಮುಖ್ಯ ಮಾತು ಹೊರಡುತ್ತದೆ: ಫೋನಿನಲ್ಲಿ ವೈಫೈ ಗುರುತು ಪೂರ್ತಿ ಇದ್ದರೆ ಡಬ್ಬಿಗೂ ಫೋನಿಗೂ ಸಂಪರ್ಕ ಇದೆ ಎಂದು ಮಾತ್ರ ಅರ್ಥ, ಡಬ್ಬಿಗೂ ಜಗತ್ತಿಗೂ ಇದೆ ಎಂದಲ್ಲ. ಗಾಜಿನೆಳೆಯ ಕೇಬಲ್, ಅಂದರೆ ಫೈಬರ್ ಬಂದಿರುವ ಕಡೆ ಡಬ್ಬಿಯ ಮೇಲೆ ಎಲ್‌ಒಎಸ್ ಎಂದು ಬರೆದ ಒಂದು ದೀಪ ಇರುತ್ತದೆ. ಅದು ಕೆಂಪಾಗಿ ಮಿಣುಕಿದರೆ ಬೆಳಕು ಡಬ್ಬಿಗೆ ಬರುತ್ತಿಲ್ಲ. ಎಲ್ಲೋ ರಸ್ತೆ ಅಗೆದ ಜೆಸಿಬಿ ಎಳೆಯನ್ನು ಕತ್ತರಿಸಿರಬಹುದು, ಕಂಬದ ಮೇಲೆ ಜೋಡಣೆ ಬಿಟ್ಟಿರಬಹುದು. ಗ್ರಾಮ ಪಂಚಾಯಿತಿಗಳಿಗೆ ಫೈಬರ್ ಎಳೆಯುವ ಯೋಜನೆಗೆ ಕೇಂದ್ರ ಸರ್ಕಾರ 2011ರಲ್ಲೇ ಒಪ್ಪಿಗೆ ಕೊಟ್ಟಿತು, ಇಂದು ಅದರ ಹೆಸರು ಭಾರತ್‌ನೆಟ್. ಎಳೆ ಬಂದ ಮೇಲೂ ಅದನ್ನು ಕಾಯುವ ಕೆಲಸ ಉಳಿದೇ ಇರುತ್ತದೆ. ಎಲ್‌ಒಎಸ್ ಕೆಂಪಾಗಿದ್ದಾಗ ಬೆಂಗಳೂರಿನ ಸರ್ವರನ್ನು ದೂರಿದರೆ ಪ್ರಯೋಜನವಿಲ್ಲ, ಕೇಬಲ್ ಕಂಪನಿಗೆ ಫೋನ್ ಮಾಡಬೇಕು.

ಫೈಬರ್ ಇಲ್ಲದ ಕಡೆ ಮೊಬೈಲ್ ಸಿಮ್ಮೇ ಗತಿ. ಪಡಿತರ ಅಂಗಡಿಯ ಎಷ್ಟೋ ಯಂತ್ರಗಳು ನಡೆಯುವುದು ಸಿಮ್ ಮೇಲೇ. ‘ಟವರ್ ಫುಲ್ ಇದೆ, ನೆಟ್ ಮಾತ್ರ ಬರ್ತಿಲ್ಲ’ ಎಂಬ ಮಾತಿನಲ್ಲಿ ವಿರೋಧವೇನೂ ಇಲ್ಲ. ಕಡ್ಡಿಗಳು ತೋರಿಸುವುದು ಟವರಿನ ಅಲೆ ನಿಮ್ಮ ಯಂತ್ರಕ್ಕೆ ಎಷ್ಟು ಜೋರಾಗಿ ಕೇಳಿಸುತ್ತಿದೆ ಎಂಬುದನ್ನು. ಅದೇ ಟವರನ್ನು ಎಷ್ಟು ಜನ ಒಟ್ಟಿಗೆ ಬಳಸುತ್ತಿದ್ದಾರೆ, ಟವರಿನಿಂದ ಮುಂದಕ್ಕೆ ಎಷ್ಟು ಅಗಲದ ದಾರಿ ಇದೆ ಎಂಬುದು ಕಡ್ಡಿಗಳಲ್ಲಿ ಕಾಣುವುದಿಲ್ಲ. ಆ ಅಗಲಕ್ಕೆ ಬ್ಯಾಂಡ್‌ವಿಡ್ತ್ ಎನ್ನುತ್ತಾರೆ, ಸೆಕೆಂಡಿಗೆ ಇಷ್ಟು ಮೆಗಾಬಿಟ್ ಎಂದು ಅಳೆಯುತ್ತಾರೆ. 8 ಬಿಟ್ ಸೇರಿದರೆ ಒಂದು ಬೈಟ್. ಹಾಗಾಗಿ ಜಾಹೀರಾತಿನ 40 ಮೆಗಾಬಿಟ್ ವೇಗದಲ್ಲಿ ಸೆಕೆಂಡಿಗೆ ಇಳಿಯುವುದು ಹೆಚ್ಚೆಂದರೆ 5 ಮೆಗಾಬೈಟ್. ಇದು ಮೋಸವಲ್ಲ, ಆದರೆ ತಿಳಿಯದವರಿಗೆ ಮೋಸದಂತೆಯೇ ಕಾಣುತ್ತದೆ. ಬ್ಯಾಂಡ್‌ವಿಡ್ತ್ ಬೇರೆ, ಲೇಟೆನ್ಸಿ ಬೇರೆ. ಕೋರಿಕೆ ಹೋಗಿ ಉತ್ತರ ಬರಲು ಹಿಡಿಯುವ ಹೊತ್ತೇ ಲೇಟೆನ್ಸಿ. ಗಾಜಿನೆಳೆಯೊಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆ, ಅಂದರೆ 100 ಕಿಲೋಮೀಟರಿಗೆ ಸೆಕೆಂಡಿನ ಎರಡು ಸಾವಿರದಲ್ಲೊಂದು ಪಾಲು. ಹಾಗಾದರೆ ನಮ್ಮ ಹೋಬಳಿ ಬೆಂಗಳೂರಿಗೆ ದೂರ ಎಂಬ ಕಾರಣ ಸಲ್ಲದು. ತಡ ಆಗುವುದು ದೂರದಿಂದಲ್ಲ, ದಾರಿಯ ಮಧ್ಯೆ ಸಾಲು ನಿಲ್ಲುವುದರಿಂದ. ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಹರಾಜು ಮೊಬೈಲಿಗೆ ಬಂದ ಮೇಲೆ ಇದು ಗೂಡು ಕೊಳ್ಳುವ ರೀಲರುಗಳಿಗೆ ಹಣದ ಲೆಕ್ಕವಾಗಿದೆ. ಇಂಥ ಯಾವ ಹರಾಜಿನಲ್ಲೂ ಗಣನೆಗೆ ಬರುವುದು ನೀವು ಬೆಲೆ ಒತ್ತಿದ ಗಳಿಗೆಯಲ್ಲ, ಆ ಬೆಲೆ ಸರ್ವರಿಗೆ ಮುಟ್ಟಿದ ಗಳಿಗೆ. ಬೆಲೆ ಎಂದರೆ ಮೂರ್ನಾಲ್ಕು ಅಂಕಿ, ಅದಕ್ಕೆ ದೊಡ್ಡ ಬ್ಯಾಂಡ್‌ವಿಡ್ತ್ ಬೇಕಿಲ್ಲ, ಕಡಿಮೆ ಲೇಟೆನ್ಸಿ ಬೇಕು. ಸಿನಿಮಾ ನೋಡುವವರ ಅಗತ್ಯ ಇದಕ್ಕೆ ತದ್ವಿರುದ್ಧ.

ದಾರಿಯ ನಡುಭಾಗವನ್ನು ಬೇಗ ದಾಟೋಣ, ಅದು ನಮ್ಮ ಕೈಯಲ್ಲಿಲ್ಲ. ಕಳಿಸಿದ ಕಾಗದ ಇಡಿಯಾಗಿ ಹೋಗುವುದಿಲ್ಲ, ಸುಮಾರು 1,500 ಬೈಟಿನ ತುಣುಕುಗಳಾಗಿ ಹೋಗುತ್ತದೆ. ಅವೇ ಪ್ಯಾಕೆಟ್‌ಗಳು. 3 ಮೆಗಾಬೈಟಿನ ಒಂದು ಸ್ಕ್ಯಾನ್ ಪ್ರತಿ ಎಂದರೆ ಹತ್ತಿರ ಹತ್ತಿರ 2,000 ತುಣುಕು. ಒಂದು ಕಳೆದರೆ ಅದೊಂದನ್ನೇ ಮತ್ತೆ ಕಳಿಸಲಾಗುತ್ತದೆ. ಸಂಪರ್ಕ ಹರಕಾಗಿದ್ದಾಗ ಕಾಗದ ಏರಿಸುವುದು ಅಷ್ಟು ನಿಧಾನವಾಗುವುದೂ, ಸ್ಕ್ಯಾನಿನ ಗಾತ್ರ ಇಳಿಸಿದರೆ ಕೆಲಸ ಆಗಿಬಿಡುವುದೂ ಇದೇ ಕಾರಣಕ್ಕೆ. ಪ್ರತಿ ತುಣುಕಿನ ಮೇಲೂ ಕಳಿಸಿದವರ, ಪಡೆಯುವವರ ಐಪಿ ವಿಳಾಸ ಇರುತ್ತದೆ, ಚುಕ್ಕಿಗಳಿಂದ ಬಿಡಿಸಿದ ನಾಲ್ಕು ಸಂಖ್ಯೆ. ಈ ಹಳೆಯ ಲೆಕ್ಕದಲ್ಲಿ ವಿಳಾಸಗಳು 430 ಕೋಟಿಯಷ್ಟೇ ಇರುವುದರಿಂದ ಈಗ ಇನ್ನೂ ಉದ್ದದ ಹೊಸ ಬಗೆಯ ವಿಳಾಸವೂ ಚಾಲ್ತಿಗೆ ಬಂದಿದೆ. ನಾವು ಟೈಪ್ ಮಾಡುವ ಜಾಲತಾಣದ ಹೆಸರನ್ನು ಐಪಿ ವಿಳಾಸಕ್ಕೆ ಬದಲಿಸಿಕೊಡುವುದು ಡಿಎನ್‌ಎಸ್. ಇಷ್ಟು ಸಾಕು.

ಈಗ ನನ್ನ ವಾದದ ತಿರುಳಿಗೆ ಬರುತ್ತೇನೆ. ಈ ಭಾಷಣವನ್ನು ಪ್ರಸಾರ ಮಾಡುವ ಗೋಪುರಕ್ಕೆ ನೀವು ಕೇಳುತ್ತಿದ್ದೀರೋ ಇಲ್ಲವೋ ತಿಳಿಯದು, ಅದು ತಿಳಿಯುವ ಅಗತ್ಯವೂ ಅದಕ್ಕಿಲ್ಲ. ಕಂಪ್ಯೂಟರ್ ಜಾಲ ಹಾಗಲ್ಲ, ಅಲ್ಲಿ ಪ್ರತಿ ಕೋರಿಕೆಗೂ ಉತ್ತರ ಬರಬೇಕು. ಆದ್ದರಿಂದ ಕೌಂಟರಿನ ಮುಂದೆ ನಿಂತವರು ಬಿಡಿಸಿ ನೋಡಬೇಕಾದದ್ದು ಎರಡು ಸಂಗತಿ: ಉತ್ತರ ಬಂದಿಲ್ಲವೋ, ಅಥವಾ ‘ಇಲ್ಲ’ ಎಂಬ ಉತ್ತರ ಬಂದಿದೆಯೋ? ಉತ್ತರವೇ ಬಾರದಿದ್ದರೆ ದಾರಿಯಲ್ಲಿ ಎಲ್ಲೋ ತೊಡಕು, ಇಲ್ಲವೇ ಸರ್ವರೇ ಬಿದ್ದಿದೆ. ‘ಇಲ್ಲ’ ಎಂಬ ಉತ್ತರ ಬಂದಿದ್ದರೆ ದಾರಿ ಪೂರ್ತಿ ಚೆನ್ನಾಗಿದೆ, ತಕರಾರು ಕೇಳಿದ ವಿಷಯದಲ್ಲಿದೆ, ಇಲ್ಲವೇ ಸರ್ವರಿನ ಒಳಗಿದೆ. ಇದನ್ನು ತಿಳಿಸಲೆಂದೇ ಪರದೆಯ ಮೇಲೆ ಮೂರಂಕಿಯ ಸಂಖ್ಯೆಗಳು ಬರುತ್ತವೆ. ವೆಬ್ ಪುಟಗಳಲ್ಲಿ 4ರಿಂದ ಶುರುವಾಗುವ ಸಂಖ್ಯೆ ಬಂದರೆ ಕೋರಿಕೆಯಲ್ಲಿ ದೋಷ, 5ರಿಂದ ಶುರುವಾದರೆ ಸರ್ವರಿನ ಕಡೆ ದೋಷ. 404 ಎಂದರೆ ಸರ್ವರ್ ಇದೆ, ನೀವು ಕೇಳಿದ ಪುಟ ಅಲ್ಲಿಲ್ಲ. 503 ಎಂದರೆ ಸರ್ವರಿಗೆ ಸದ್ಯ ಸೇವೆ ಕೊಡಲಾಗುತ್ತಿಲ್ಲ. ‘ಸರ್ವರ್ ಇಲ್ಲ’ ಎಂಬ ಮಾತು ನಿಜಕ್ಕೂ ಒಪ್ಪುವುದು ಇಲ್ಲಿಗೆ. ಆಧಾರ್ ದೃಢೀಕರಣದಲ್ಲಿ 300 ಬಂದರೆ ಬೆರಳಚ್ಚು ಹೊಂದಲಿಲ್ಲ ಎಂದು, 330 ಬಂದರೆ ಕಾರ್ಡುದಾರರು ತಮ್ಮ ಬೆರಳಚ್ಚಿಗೆ ತಾವೇ ಬೀಗ ಹಾಕಿಕೊಂಡಿದ್ದಾರೆ ಎಂದು. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಪರದೆಯಲ್ಲಿ ಇಂಗ್ಲಿಷು ಇರುವ ಈ ಸೀಮೆಯಲ್ಲಿ ಅಂಕಿಯ ದೊಡ್ಡ ಉಪಕಾರವೆಂದರೆ ಅದನ್ನು ಯಾರು ಬೇಕಾದರೂ ಓದಬಹುದು.

300 ಎಂಬ ಈ ಸಂಖ್ಯೆಯ ಬಳಿ ಸ್ವಲ್ಪ ನಿಲ್ಲಬೇಕು. ಶಿಡ್ಲಘಟ್ಟ ಸೀಮೆಯಲ್ಲಿ ಬಿಸಿ ನೀರಿನ ಬಾಂಡ್ಲಿಯಲ್ಲಿ ಬೆಂದ ಗೂಡಿನ ಎಳೆಯನ್ನು ಬೆರಳಿನಿಂದ ಹುಡುಕಿ ರೇಷ್ಮೆ ಬಿಚ್ಚುವವರು ಬಹಳ ಮಂದಿ. ದಿನವಿಡೀ ನೀರಿನಲ್ಲಿ ಬೇಯುವ, ಮಣ್ಣಿನಲ್ಲಿ ಸವೆಯುವ ಬೆರಳಿನ ಗೆರೆಗಳು ಯಂತ್ರಕ್ಕೆ ಸರಿಯಾಗಿ ಕಾಣುವುದಿಲ್ಲ. ಅಂಥವರಿಗೆ 300 ಬಂದಾಗ ‘ಸರ್ವರ್ ಇಲ್ಲ, ನಾಳೆ ಬನ್ನಿ’ ಎಂದರೆ ಅದು ತಪ್ಪು ಮಾಹಿತಿ. ನಾಳೆ ಬಂದರೂ ಬೆರಳು ಅದೇ. ಅವರಿಗೆ ಬೇಕಾದ್ದು ಬೇರೆ ಬೆರಳು, ಅಥವಾ ಕಣ್ಣಿನ ಪಾಪೆ, ಅಥವಾ ಫೋನಿಗೆ ಬರುವ ಒಟಿಪಿ. ಬೆರಳು ಹೊಂದಲಿಲ್ಲವೆಂಬ ಕಾರಣಕ್ಕೆ ಪಡಿತರ ನಿಲ್ಲಿಸಬಾರದೆಂದು ಕೇಂದ್ರದ ಆಹಾರ ಇಲಾಖೆ 2017ರಲ್ಲೇ ರಾಜ್ಯಗಳಿಗೆ ಸೂಚಿಸಿದೆ. ಆದರೆ ಆ ಸೂಚನೆಯ ನೆರವು ಪಡೆಯಬೇಕಾದರೆ ಮೊದಲು ಆದದ್ದು ಬೆರಳಿನ ತೊಡಕು, ಸರ್ವರಿನದಲ್ಲ ಎಂದು ತಿಳಿಯಬೇಕಲ್ಲ? ಪದ ತಪ್ಪಾದರೆ ಪರಿಹಾರವೂ ತಪ್ಪುತ್ತದೆ.

ಸರ್ವರ್ ಎಂದೂ ಕೆಡುವುದಿಲ್ಲ ಎಂದು ನಾನು ಹೇಳುತ್ತಿಲ್ಲ. 2023ರ ಜೂನ್ 18ರಂದು ಉಚಿತ ವಿದ್ಯುತ್ತಿನ ಗೃಹಜ್ಯೋತಿ ಯೋಜನೆಗೆ ನೋಂದಣಿ ಶುರುವಾದಾಗ ರಾಜ್ಯದ ಮೂಲೆ ಮೂಲೆಯಿಂದ ಜನ ಒಟ್ಟಿಗೆ ಸೇವಾಸಿಂಧು ಜಾಲತಾಣ ತೆರೆದರು, ಪುಟ ಏಳಲಿಲ್ಲ. ಅಲ್ಲಿ ಸೊರಗಿದ್ದು ನಿಜಕ್ಕೂ ಸರ್ವರೇ. ಒಂದು ಸರ್ವರ್ ಒಂದು ಗಳಿಗೆಯಲ್ಲಿ ಇಷ್ಟೇ ಕೋರಿಕೆಗಳಿಗೆ ಉತ್ತರ ಕೊಡಬಲ್ಲದು, ಮಿಕ್ಕವು ಕಾಯುತ್ತವೆ, ಬಹಳ ಕಾದವು ಬಿದ್ದುಹೋಗುತ್ತವೆ. ಈ ದೌರ್ಬಲ್ಯವನ್ನು ದುಷ್ಟರೂ ಬಲ್ಲರು. ಆಸ್ತಿ ನೋಂದಣಿಯ ಕಾವೇರಿ 2.0 ವ್ಯವಸ್ಥೆಯ ಮೇಲೆ 2025ರ ಆರಂಭದಲ್ಲಿ ಸುಳ್ಳು ಖಾತೆಗಳಿಂದ, ಮನುಷ್ಯರಲ್ಲದ ಸ್ವಯಂಚಾಲಿತ ಸಾಫ್ಟ್‌ವೇರಿನಿಂದ ಲಕ್ಷಗಟ್ಟಲೆ ಹುಸಿ ಕೋರಿಕೆಗಳು ಬಂದು ಬಿದ್ದವು. ನೋಂದಣಿ ಕೆಲಸ ಕುಸಿಯಿತು, ಪೊಲೀಸ್ ದೂರು ದಾಖಲಾಯಿತು. ಇಂಥ ದಾಳಿಗೆ ಡಿಡಾಸ್ ಎನ್ನುತ್ತಾರೆ. ಇದರಲ್ಲಿ ಯಾರೂ ಬೀಗ ಮುರಿದು ಒಳಹೊಕ್ಕಿರುವುದಿಲ್ಲ, ಬಾಗಿಲಿಗೆ ಅಡ್ಡ ನಿಂತಿರುತ್ತಾರೆ ಅಷ್ಟೆ. ಹಾಗಾಗಿ ದಾಖಲೆ ಕಳುವಾಯಿತೆಂದು ಗಾಬರಿಯಾಗಬೇಕಿಲ್ಲ. ಇಂಥ ದಿನಗಳಲ್ಲಿ ರಾಜ್ಯದ ಎಲ್ಲ ಊರಿನಲ್ಲೂ ಕೆಲಸ ನಿಂತಿರುತ್ತದೆ. ಇದೇ ಒಂದು ಒಳ್ಳೆಯ ಪರೀಕ್ಷೆ: ಚಿಂತಾಮಣಿಯಲ್ಲಿರುವ ನೆಂಟರಿಗೆ ಫೋನ್ ಮಾಡಿ ಕೇಳಿ. ಅಲ್ಲೂ ನಿಂತಿದ್ದರೆ ದೋಷ ಸರ್ವರಿನದಿರಬಹುದು. ಅಲ್ಲಿ ನಡೆಯುತ್ತಿದ್ದರೆ ದೋಷ ನಮ್ಮ ಹತ್ತಿರದಲ್ಲೇ ಇದೆ.

ಬಸ್ಸು ಹತ್ತಲು ಇಂಜಿನ್ ಬಗ್ಗೆ ತಿಳಿದಿರಬೇಕೆ ಎಂದು ಕೆಲವರು ಆಕ್ಷೇಪಿಸುತ್ತಾರೆ. ಬೇಕಿಲ್ಲ, ಒಪ್ಪುತ್ತೇನೆ. ಆದರೆ ಬಸ್ಸು ನಿಂತಾಗ ಟಯರು ಪಂಕ್ಚರ್ ಆಯಿತೋ ಡೀಸೆಲ್ ಮುಗಿಯಿತೋ ಎಂದು ಪ್ರಯಾಣಿಕರೆಲ್ಲ ಇಳಿದು ನೋಡುತ್ತಾರೆ, ಇನ್ನೊಂದು ಬಸ್ಸಿಗೆ ಕೈ ತೋರುವುದೋ ಕಾಯುವುದೋ ಎಂದು ತೀರ್ಮಾನಿಸುತ್ತಾರೆ. ನಾನು ಕೇಳುತ್ತಿರುವುದು ಅಷ್ಟೇ ತಿಳಿವಳಿಕೆ. ಇನ್ನೊಂದು ಆಕ್ಷೇಪ ಹೆಚ್ಚು ಗಟ್ಟಿಯಾದದ್ದು: ಇವೆಲ್ಲ ಇಂಗ್ಲಿಷ್ ಪದಗಳು, ಓದು ಬಾರದ ರೈತರಿಗೆ, ವಯಸ್ಸಾದ ಹೆಂಗಸರಿಗೆ ಹೇಗೆ ಹತ್ತಬೇಕು? ಇದಕ್ಕೆ ಉತ್ತರ ಈ ಜಿಲ್ಲೆಯ ಹೊಲಗಳಲ್ಲೇ ಇದೆ. ಸಾವಿರ ಅಡಿ ದಾಟಿ ಕೊಳವೆಬಾವಿ ಕೊರೆಸುವ ಚಿಕ್ಕಬಳ್ಳಾಪುರದ ರೈತರಿಗೆ ಕೇಸಿಂಗ್, ಸ್ಟಾರ್ಟರ್, ಕೆಪಾಸಿಟರ್, ಪ್ಯಾನಲ್ ಬೋರ್ಡ್, ಸಿಂಗಲ್ ಫೇಸ್, ತ್ರೀ ಫೇಸ್, ಡ್ರಿಪ್, ಲ್ಯಾಟರಲ್ ಎಲ್ಲ ಬಾಯಲ್ಲೇ ಇವೆ. ಯಾವ ತರಗತಿಯಲ್ಲೂ ಕೂತು ಕಲಿತದ್ದಲ್ಲ, ಮೋಟಾರು ನಿಂತರೆ ಬೆಳೆ ಒಣಗುತ್ತದೆಂಬ ಭಯ ಕಲಿಸಿದ್ದು. ಅವರಿಗೆ ‘ಕರೆಂಟಿಲ್ಲ’ ಎಂದು ಹೇಳಿ ಕಳಿಸಿಬಿಡಲು ಯಾರಿಗೂ ಆಗದು. ಫ್ಯೂಸ್ ಹೋಗಿದೆಯೇ, ಟಿಸಿ, ಅಂದರೆ ಟ್ರಾನ್ಸ್‌ಫಾರ್ಮರ್, ಸುಟ್ಟಿದೆಯೇ, ಲೈನೇ ಇಲ್ಲವೇ, ಎಷ್ಟು ಫೇಸ್ ಇದೆ ಎಂದು ಕೇಳುತ್ತಾರೆ. ಕೇಳುವುದರಿಂದಲೇ ಲೈನ್‌ಮನ್ ಸರಿಯಾದ ಸಾಮಾನು ಹಿಡಿದು ಸರಿಯಾದ ಕಂಬಕ್ಕೆ ಹೋಗುತ್ತಾರೆ. ಟಿಸಿ ಎಂಬುದನ್ನು ಕಲಿತ ಬಾಯಿಗೆ ರೂಟರ್ ಎಂಬುದು ಭಾರವಾಗದು.

ಪ್ರಶ್ನೆ ಕೇಳಿದರೆ ಕೌಂಟರಿನವರು ಸಿಟ್ಟಾಗುತ್ತಾರೆ ಎಂದೂ ಹೇಳುವವರಿದ್ದಾರೆ. ಅವರ ಪಾಡನ್ನೂ ನೋಡಬೇಕು. ಡಬ್ಬಿ ಕೊಟ್ಟವರು ಒಬ್ಬರು, ಕೇಬಲ್ ಇನ್ನೊಬ್ಬರದು, ಸಾಫ್ಟ್‌ವೇರ್ ಮತ್ತೊಂದು ಇಲಾಖೆಯದು. ಸಾಲಿನ ಬೈಗುಳವೆಲ್ಲ ಮಾತ್ರ ಆ ಹುಡುಗ ಹುಡುಗಿಯರ ಪಾಲು. ‘ಸರ್ವರ್ ಇಲ್ಲ’ ಎಂಬುದು ಬಹಳ ಸಲ ಅವರು ನುಣುಚಿಕೊಳ್ಳಲು ಹೇಳುವ ಮಾತಲ್ಲ, ಅವರಿಗೂ ಯಾರೂ ಬೇರೆ ಮಾತು ಕಲಿಸಿಲ್ಲ. ಆದ್ದರಿಂದ ಜಗಳದ ದನಿಯಲ್ಲಲ್ಲದೆ ಸಹಜವಾಗಿ ಮೂರು ಮಾತು ಕೇಳಿ: ಪರದೆಯ ಮೇಲೆ ಯಾವ ಸಂಖ್ಯೆ ಬಂದಿದೆ? ಡಬ್ಬಿಯ ಕೆಂಪು ದೀಪ ಉರಿಯುತ್ತಿದೆಯೇ? ನನ್ನ ಅರ್ಜಿ ಒಳಗೆ ಹೋಯಿತೇ, ಅದರ ನಂಬರ್ ಎಷ್ಟು? ಕೊನೆಯ ಪ್ರಶ್ನೆಗೆ ಕಾನೂನಿನ ಬಲವೂ ಇದೆ. 2012ರ ಏಪ್ರಿಲ್‌ನಲ್ಲಿ ಜಾರಿಗೆ ಬಂದ ಸಕಾಲ ಕಾಯ್ದೆಯಡಿ ಅರ್ಜಿಗೆ 15 ಅಂಕಿಯ ನಂಬರ್ ಸಿಕ್ಕ ದಿನದಿಂದ ಗಡುವು ಎಣಿಕೆಯಾಗುತ್ತದೆ, ಗಡುವು ಮೀರಿದರೆ ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿವರೆಗೆ ಪರಿಹಾರ ಕೇಳಬಹುದು. ನಂಬರ್ ಸಿಗದೆ ಮರಳಿದವರಿಗೆ ಗಡುವೂ ಇಲ್ಲ, ಪರಿಹಾರವೂ ಇಲ್ಲ.

ಹೋಬಳಿಯ ಕಚೇರಿಗಳಿಗೂ ನ್ಯಾಯಬೆಲೆ ಅಂಗಡಿಗಳಿಗೂ ನನ್ನ ಮನವಿ ಒಂದೇ. ದಾಸ್ತಾನು, ದರ ಬರೆಯುವ ಬೋರ್ಡಿನ ಪಕ್ಕದಲ್ಲಿ ಇನ್ನೊಂದು ಸಾಲು ಬರೆಯಿರಿ: ಇಂದು ಕೆಟ್ಟಿರುವುದು ಯಂತ್ರವೋ, ಕೇಬಲ್ಲೋ, ಟವರೋ, ಸರ್ವರೋ, ಎಷ್ಟು ಗಂಟೆಯಿಂದ, ಯಾರಿಗೆ ದೂರು ಕೊಟ್ಟಾಗಿದೆ. ಅದಕ್ಕೆ ಬೇಕಾದ್ದು ಒಂದು ಸೀಮೆಸುಣ್ಣ.